ಹಿಡಿಯ ಬಳಿ ಉಳಿದ ಮೂರು ಹಲ್ಲು

ಸಾಣೆಕಲ್ಲಿಗೆ ಕಬ್ಬಿಣ ತಾಗಿದಾಗ ಏಳುವ ವಾಸನೆಯನ್ನು ನೀವು ಎಂದಾದರೂ ಹತ್ತಿರದಿಂದ ಮೂಸಿದ್ದರೆ ಅದು ಮರೆಯುವಂಥದ್ದಲ್ಲ: ಆಗಷ್ಟೇ ಆರಿಸಿದ ಬೆಂಕಿಕಡ್ಡಿಯಂಥ ಒಣ ಘಾಟು, ಅದರ ಅಡಿಯಲ್ಲಿ ಒದ್ದೆ ಕಲ್ಲಿನ ತಂಪು. ಕಳೆದ ತಿಂಗಳು ಜಯನಗರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನ ಪಾತ್ರೆ ಅಂಗಡಿಯೊಂದರ ಮೆಟ್ಟಿಲ ಪಕ್ಕ ಒಬ್ಬಾತ ಮೋಟಾರಿನ ಚಕ್ರಕ್ಕೆ ಚಾಕು ಒತ್ತಿ ಹಿಡಿದಿದ್ದ. ಅತ್ತೆಗೆಂದು ಬ್ರೆಡ್ ಕೊಯ್ಯುವ ಚಾಕು ಕೊಳ್ಳಲು ಹೋದ ನಾನು ಆ ವಾಸನೆಗೆ ಸಿಕ್ಕಿಕೊಂಡು ನಿಂತುಬಿಟ್ಟೆ. ನಲವತ್ತು ವರ್ಷಗಳಿಂದ ನಿಜವೋ ಸುಳ್ಳೋ ಎಂದು ಅನುಮಾನಿಸುತ್ತ ಬಂದ ಒಂದು ನೆನಪು ಅಲ್ಲೇ ನನ್ನ ಎದುರು ಬಂದು ನಿಂತಿತು.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಮದುವೆಯಾಗಲಿಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಆ ಕಾಂಪ್ಲೆಕ್ಸಿಗೆ ನಡೆದು ಹೋಗುವಷ್ಟು ಹತ್ತಿರದಲ್ಲೇ ನಮ್ಮ ಮನೆಯಿತ್ತು. ಈಗ ಅಲ್ಲಿ ಮೂರಂತಸ್ತಿನ ಕ್ಲಿನಿಕ್ ಇದೆ; ಟೋಕನ್ ಹಿಡಿದು ಜನ ಕೂರುವ ಜಾಗವೇ ನಮ್ಮ ಅಡುಗೆಮನೆಯಾಗಿತ್ತೆಂದು ನನ್ನ ಅಂದಾಜು. ಬೆಳಿಗ್ಗೆ ದೊಡ್ಡವರೆಲ್ಲ ಕೆಲಸಕ್ಕೆ ಹೊರಟಮೇಲೆ ರಜದ ದಿನಗಳಲ್ಲಿ ಉಳಿಯುತ್ತಿದ್ದವರು ಅಜ್ಜಿ ಮತ್ತು ನಾನು ಮಾತ್ರ. ಅಜ್ಜಿಯ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅದರ ಸದ್ದಿನಿಂದಲೇ ಅವರು ಮನೆಯ ಯಾವ ಮೂಲೆಯಲ್ಲಿದ್ದಾರೆಂದು ಗೊತ್ತಾಗುತ್ತಿತ್ತು.

ಬ್ರೆಡ್ ಎಂದರೆ ಆಗ ನಮ್ಮಂಥ ಮನೆಗಳಲ್ಲಿ ಜ್ವರದ ಊಟ. ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬೇಕು. ಅತ್ತೆ ಮಾತ್ರ ಹಾಸ್ಟೆಲಿನಲ್ಲಿ ಕಲಿತ ಅಭ್ಯಾಸವೆಂದು ದಿನವೂ ಬೆಣ್ಣೆ ಸವರಿಕೊಂಡು ತಿನ್ನುತ್ತಿದ್ದರು. "ಜ್ವರ ಇಲ್ದೇನೇ ಬ್ರೆಡ್ ತಿಂತಾಳಲ್ಲ, ಇವಳಿಗೆ ಇನ್ನೇನು ಬಂದಿದೆಯೋ" ಎಂದು ಅಜ್ಜಿ ಛೇಡಿಸುತ್ತಿದ್ದರು. ಬೇಕರಿಯವನು ಕಾಗದದ ಹಾಗೆ ತೆಳ್ಳಗೆ ಕೊಯ್ಯುತ್ತಾನೆಂದು ಅತ್ತೆ ಇಡೀ ಪೌಂಡನ್ನೇ ತರುತ್ತಿದ್ದರು. ಅದನ್ನು ಕೊಯ್ಯಲು ತಕ್ಕ ಚಾಕು ಬೇಕಾಯಿತು. ಕೊಳ್ಳಲು ಹೊರಟಾಗ ಅವರ ಒಂದು ಕೈಯಲ್ಲಿ ನಾನು, ಇನ್ನೊಂದರಲ್ಲಿ ಒಂದು ಪೌಂಡ್ ಬ್ರೆಡ್.

"ಮೇಡಂ, ಇದು ಪಾತ್ರೆ ಅಂಗಡಿ, ಬೇಕರಿ ಅಲ್ಲ" ಎಂದ ಅಂಗಡಿಯವನು.

"ಸೀರೆ ಅಂಗಡೀಲಿ ಹೆಗಲ ಮೇಲೆ ಹಾಕ್ಕೊಂಡು ನೋಡ್ತೀವಲ್ಲಪ್ಪ, ಇದೂ ಹಾಗೇ. ಒಂದು ಪೇಪರ್ ಹಾಸು."

ನಾಲ್ಕು ಚಾಕುಗಳಿಂದ ನಾಲ್ಕು ಹೋಳು ಕೊಯ್ದರು. ಯಾವುದರ ಕೆಳಗೆ ಪುಡಿ ಕಡಿಮೆ ಉದುರಿದೆ ಎಂದು ಬಗ್ಗಿ ನೋಡಿದರು. ಆಮೇಲೆ ಹಿಡಿಯನ್ನು ತಿರುಗಿಸಿ ನನಗೆ ತೋರಿಸಿದರು: "ಅಲಗು ಹಿಡಿಯೊಳಗೆ ಕೊನೇತನಕ ಹೋಗಿದೆಯಾ ನೋಡು. ಅರ್ಧಕ್ಕೇ ನಿಂತಿದ್ರೆ ಒಂದಿನ ಹಿಡಿ ಕೈಗೆ ಬರುತ್ತೆ, ಅಲಗು ಬ್ರೆಡ್ಡಲ್ಲೇ ಉಳಿಯುತ್ತೆ." ಮೂರನೆಯದನ್ನು ಆರಿಸಿದರು. ಉದ್ದನೆಯ ಅಲಗು, ಅದರ ಅಂಚಿಗೆ ಸಣ್ಣ ಅಲೆಗಳಂತೆ ಹಲ್ಲುಗಳು, ಮರದ ಹಿಡಿಗೆ ಹಿತ್ತಾಳೆಯ ಮೂರು ಮೊಳೆ. "ಇದಕ್ಕೆ ಸಾಣೆ ಮಾತ್ರ ಹಿಡಿಸ್ಬೇಡಿ ಮೇಡಂ, ಮೂವತ್ತು ವರ್ಷ ಹೀಗೇ ಇರುತ್ತೆ" ಎಂದು ಅಂಗಡಿಯವನು ಹೇಳಿದ. ಹೇಳಿದನೇ? ಅಥವಾ ಮುಂದೆ ಆದದ್ದಕ್ಕೆ ಸರಿಹೊಂದಲೆಂದು ಆ ಮಾತನ್ನು ನಾನೇ ಅವನ ಬಾಯಿಗೆ ತುರುಕಿದ್ದೇನೆಯೇ?

ಆದದ್ದು ಇಷ್ಟು. ಬೇಸಿಗೆ ರಜದಲ್ಲಿ ಹೆಗಲ ಮೇಲೆ ಮರದ ಚೌಕಟ್ಟು ಹೊತ್ತ ಸಾಣೆಯವನು ಬೀದಿಗೆ ಬಂದ. ಅಜ್ಜಿ ಈಳಿಗೆಮಣೆಯನ್ನೂ ಕತ್ತರಿಯನ್ನೂ ನನ್ನ ಕೈಗೆ ಕೊಟ್ಟು ಕಳಿಸಿದರು. ಅವನು ಕಾಲಲ್ಲಿ ಚಕ್ರ ತುಳಿದಾಗ ಕಿಡಿಗಳು ಬೀಸಣಿಗೆಯಂತೆ ಹರಡಿದವು. ಇಷ್ಟು ಮೋಟು ಕತ್ತರಿಗೇ ಇಷ್ಟು ಕಿಡಿಯಾದರೆ ಮನೆಯ ಅತಿ ಉದ್ದದ ಚಾಕುವಿಗೆ ಎಷ್ಟಿರಬಹುದು? ಎಂಟು ವರ್ಷದವನ ತಲೆ. ಓಡಿಹೋಗಿ ಅತ್ತೆಯ ಚಾಕು ತಂದೆ.

"ಇದಕ್ಕೆ ಹಲ್ಲಿದೆಯಲ್ಲ ಮರಿ, ಸಾಣೆ ಹಿಡಿದ್ರೆ ಹೋಗ್ತವೆ. ಯಾರು ಕೊಟ್ರು?"

"ಅಜ್ಜಿ."

"ಇನ್ನೊಂದ್ಸಲ ಕೇಳ್ಕೊಂಡ್ ಬಾ ಹೋಗು."

ಒಳಗೆ ಹೋಗಿ ಬಾಗಿಲ ಹಿಂದೆ ನಿಂತೆ. ಅಜ್ಜಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೇಳಲಿಲ್ಲ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಹೊರಗೆ ಬಂದು, "ಹೂಂ ಅಂದ್ರು" ಎಂದೆ.

ಮರುದಿನ ಬೆಳಿಗ್ಗೆ ಬ್ರೆಡ್ಡು ಹೋಳಾಗದೆ ಹಿಸುಕಿಹೋಯಿತು. ಅತ್ತೆ ಅಲಗಿನ ಮೇಲೆ ಬೆರಳಾಡಿಸಿ, "ಯಾರು ಇದನ್ನ ಸಾಣೆಗೆ ಕೊಟ್ಟಿದ್ದು?" ಎಂದು ಕೇಳಿದರು. ಒಮ್ಮೆ ಹೇಳಿದ ಸುಳ್ಳು ಬಾಯಲ್ಲಿ ಸಿದ್ಧವಾಗಿಯೇ ಇತ್ತು: "ಅಜ್ಜಿ." ಅಜ್ಜಿ ನನ್ನ ಮುಖ ನೋಡಿದರು. "ನಾನಾ? ಈಳಿಗೆಮಣೆ ಕೊಟ್ಟೆ. ಕತ್ತರಿ ಕೊಟ್ಟೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನೂ ಕೊಟ್ನೋ ಏನೋ" ಎಂದರು.

ಅಂದಿನಿಂದ ಅಜ್ಜಿಗೆ ಮರೆವು ಎಂಬ ಮಾತು ಮನೆಗೆ ಬಂತು. ಅದುವರೆಗೆ ಹಾಲು ಉಕ್ಕಿದರೆ ಅದು ಬರಿಯ ಉಕ್ಕಿದ ಹಾಲು. ಈಗ ಅದೂ ಮರೆವಿನ ಲೆಕ್ಕಕ್ಕೆ. ಗೌರಿ ಹಬ್ಬದ ಹೊತ್ತಿಗೆ ಬೀಗದ ಕೈಗಳು ಅತ್ತೆಯ ಸೊಂಟಕ್ಕೆ ಬಂದಿದ್ದವು. ಸದ್ದಿಲ್ಲದೆ ಓಡಾಡುವ ಅಜ್ಜಿ ಯಾವ ಕೋಣೆಯಲ್ಲಿದ್ದಾರೆಂದು ತಿಳಿಯದೆ ನಾನು ಹುಡುಕಬೇಕಾಗುತ್ತಿತ್ತು. "ನಾನು ಊಟ ಮಾಡಿದ್ನೇನೋ ಮರಿ?" ಎಂದು ಅವರು ನನ್ನನ್ನೇ ಕೇಳತೊಡಗಿದರು. ನನ್ನನ್ನೇ! ಕೊನೆಗೆ ನನ್ನ ಹೆಸರನ್ನೂ ಮರೆತು ಹೋದರು.

ಒಂದರ ನಂತರ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂದು ಪ್ರತಿವರ್ಷ ತರಗತಿಯಲ್ಲಿ ಸಂಖ್ಯಾಶಾಸ್ತ್ರ ಹೇಳುವವನು ನಾನು. ಮರೆವು ಬರುವುದೇ ಇತ್ತು, ಬಂತು. ಅಲ್ಲದೆ ನೆನಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆಂದು ಓದಿದಾಗ ನನಗೆ ಎಷ್ಟು ಹಗುರವಾಗಿತ್ತೆಂದರೆ, ಆ ಚಾಕುವಿಗೆ ಹಲ್ಲೇ ಇರಲಿಲ್ಲವೇನೋ, ಬಾಗಿಲ ಹಿಂದೆ ನಿಂತದ್ದು ಕನಸೇನೋ ಎಂಬಲ್ಲಿಯವರೆಗೆ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಅತ್ತೆಗೀಗ ಎಂಬತ್ತರ ಹತ್ತಿರ; ಜೆ.ಪಿ. ನಗರದ ಫ್ಲಾಟಿನಲ್ಲಿದ್ದಾರೆ. "ಹಳೇ ಚಾಕು ಒತ್ತೋಕೆ ಕೈಲಿ ಬಲ ಇಲ್ಲ ಕಣೋ. ಗಟ್ಟಿಮುಟ್ಟಾಗಿರೋದು ಒಂದು ತಾ" ಎಂದು ಫೋನು ಮಾಡಿದ್ದರು. ಎಷ್ಟು ವರ್ಷ ಬಾಳಬೇಕು ಎಂದಿದ್ದಕ್ಕೆ, "ನನಗಿಂತ ಒಂದು ವರ್ಷ ಜಾಸ್ತಿ ಬಂದ್ರೆ ಸಾಕು" ಎಂದು ನಕ್ಕಿದ್ದರು. ಅಲಗು ಹಿಡಿಯ ಕೊನೆಯವರೆಗೆ ಹೋಗಿದೆಯೇ ಎಂದು ನೋಡಿಯೇ ಕೊಂಡೆ.

ಅತ್ತೆಯ ಮನೆಯ ಮೇಜಿನ ಮೇಲೆ ಇಡೀ ಪೌಂಡು ಸಿದ್ಧವಿತ್ತು, ಹೋಲಿಸಲೆಂದು ಪಕ್ಕದಲ್ಲಿ ಹಳೆಯ ಚಾಕು. ಅದನ್ನು ಕೈಗೆತ್ತಿಕೊಂಡೆ. ಮೂರೂ ಮೊಳೆ ಇನ್ನೂ ಬಿಗಿಯಾಗಿವೆ. ಅಲಗು ನುಣ್ಣಗೆ ಸವೆದಿದೆ. ಆದರೆ ಬುಡದಲ್ಲಿ, ಹಿಡಿ ಅಡ್ಡವಾಗಿ ಸಾಣೆಯ ಚಕ್ರ ತಲುಪಲಾಗದ ಬೆರಳಗಲದಲ್ಲಿ, ಮೂರು ಹಲ್ಲುಗಳು ಹಾಗೇ ಉಳಿದಿದ್ದವು.

"ಅತ್ತೆ, ಇದನ್ನ ಸಾಣೆಗೆ ಕೊಟ್ಟಿದ್ದು ಅಜ್ಜಿ ಅಲ್ಲ. ನಾನು."

ಅವರು ಹೊಸ ಚಾಕುವಿನಿಂದ ಕೊಯ್ಯುತ್ತಲೇ ಇದ್ದರು. "ಏನೇನೋ ಹೇಳ್ಬೇಡ. ಆಗ ನೀನು ಇಷ್ಟುದ್ದ ಇದ್ದೆ. ಅಮ್ಮನೇ ಒಪ್ಕೊಂಡ್ಳಲ್ಲ."

"ನಾನು ಸುಳ್ಳು ಹೇಳಿದ್ದಕ್ಕೆ ಒಪ್ಕೊಂಡ್ರು."

ಚಾಕು ಬ್ರೆಡ್ಡಿನ ನಡುವೆ ನಿಂತಿತು. "ಹಾಗಾದ್ರೆ ನಾನು ಬೀಗದ ಕೈ ಕಿತ್ಕೊಂಡಿದ್ದು..." ಅತ್ತೆಯ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಅಲ್ಲಿ ಈಗ ಏನೂ ಇಲ್ಲ. ನನ್ನತ್ತ ನೋಡಿದರು. "ಇಲ್ಲ ಕಣೋ. ನಿಂಗೆ ಸರಿಯಾಗಿ ನೆನಪಿಲ್ಲ. ಅಲ್ವಾ?"

ಆ ಮೂರು ಹಲ್ಲುಗಳು ನನ್ನ ಹೆಬ್ಬೆರಳಿನ ಕೆಳಗೇ ಇದ್ದವು. ನನ್ನ ಹೊರೆ ಇಳಿಸಲು ಹೋಗಿ ಅದನ್ನು ಯಾರ ತಲೆಗೆ ಹೊರಿಸುತ್ತಿದ್ದೇನೆಂದು ತಡವಾಗಿ ತಿಳಿಯಿತು. ಹೆಬ್ಬೆರಳನ್ನು ಎತ್ತಲಿಲ್ಲ.

"ಇರಬಹುದು ಅತ್ತೆ," ಎಂದೆ. "ಅಜ್ಜೀನೇ ಕೊಟ್ರೋ ಏನೋ."

ಹೇಳಿದಮೇಲೆ ಅದು ಅಜ್ಜಿಯದೇ ಮಾತೆಂದು ಕಿವಿಗೆ ಬಿತ್ತು. ಅಂದು ಅಜ್ಜಿ ನನ್ನ ಮುಖ ನೋಡಿ ಸುಮ್ಮನಿದ್ದ ಆ ಸ್ವಲ್ಪ ಹೊತ್ತು ಅವರಿಗೆ ಮರೆವಾಗಿರಲೇ ಇಲ್ಲವೇ? ಎಲ್ಲ ಗೊತ್ತಿದ್ದೂ ನನ್ನನ್ನು ಉಳಿಸಲೆಂದೇ ಹಾಗೆಂದರೇ? ಗೊತ್ತಿಲ್ಲ. ಇದಕ್ಕೆ ಸಾಕ್ಷಿಯಾಗುವ ಹಲ್ಲು ಎಲ್ಲೂ ಉಳಿದಿಲ್ಲ.

ಅತ್ತೆ ಮತ್ತೆ ಕೊಯ್ಯತೊಡಗಿದರು. ಹೋಳು ದಪ್ಪಗೆ ಬಿದ್ದಿತು. "ಪುಡಿ ಕಮ್ಮಿ, ಒಳ್ಳೇದನ್ನೇ ತಂದಿದೀಯ" ಎಂದರು. ನಾನು ಹೊರಟಾಗ ಹಳೆಯದನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟರು, "ಇದನ್ನ ನೀನೇ ಇಟ್ಕೋ" ಎಂದು. ನಮ್ಮ ಮನೆಗೆ ಬರುವುದು ಕೊಯ್ದ ಬ್ರೆಡ್ಡೇ. ಆದರೂ ಇಟ್ಟುಕೊಂಡಿದ್ದೇನೆ.