ನೆಟ್‌ವರ್ಕ್ ಸಿಗುವ ಬಂಡೆ

ಕೆರೆದಂಡೆಯ ಟೆಂಟಿನಲ್ಲಿ ಒಂದು ರಾತ್ರಿಗೆ ಇಬ್ಬರಿಗೆ ಎರಡು ಸಾವಿರದ ಇನ್ನೂರು ಬಿತ್ತು. ಟೆಂಟಿನವನು ಮೂರು ಸಾವಿರ ಹೇಳಿದ್ದ. ಊಟ ನಾವೇ ಹೊತ್ತು ತರುತ್ತೇವೆಂದು ಇಳಿಸಿದೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕೆಳಮನೆಯ ಅಕ್ಕ, ಮರೆವಿನ ಕಾಯಿಲೆಯ ಗಂಡನನ್ನು ಬಿಟ್ಟು ಆರು ವರ್ಷದಿಂದ ಎಲ್ಲಿಗೂ ಹೋಗಿರಲಿಲ್ಲ. ಅವರಿಗೆ ಎರಡು ದಿನ ಬಿಡುವು ಸಿಗಲೆಂದೇ ಈ ಖರ್ಚು. ಉಲ್ಹಾಸನಗರದಿಂದ ಅವರ ನಾದಿನಿಯನ್ನು ಕರೆಸಿ ಮನೆಯಲ್ಲಿ ಕೂರಿಸಿದವಳೂ ನಾನೇ.

ಕಲ್ಯಾಣದಾಚೆ ಬಸ್ಸಿಳಿದು ಎರಡು ಗಂಟೆ ಗುಡ್ಡ ಹತ್ತಿದರೆ ಆ ಕೆರೆ. ದಂಡೆಯಲ್ಲಿ ಕುಳಿತ ಅಕ್ಕ, ಗಂಡನಿಗೆ ಉಣಿಸುವ ರೂಢಿಯಲ್ಲೇ ತಮ್ಮ ಚಪಾತಿಯನ್ನೂ ಚೂರುಚೂರು ಮಾಡಿ ಚಹಾದಲ್ಲಿ ನೆನೆಸಿದರು.

“ಅಕ್ಕ, ನಿಮಗೆ ಹಲ್ಲುಂಟಲ್ಲ!” ಎಂದೆ.

ನಕ್ಕರು. “ಅವರು ನನ್ನನ್ನು ಕೇಳ್ತಿರಬಹುದು ಮಾರಾಯ್ತಿ,” ಎಂದು ಹತ್ತು ಸಲ ಹೇಳಿ, ನೆಟ್‌ವರ್ಕ್ ಸಿಗುವ ಒಂದೇ ಒಂದು ಬಂಡೆ ಹತ್ತಿ ನಾದಿನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು.

“ಅವರು ನನ್ನನ್ನು ಕೇಳಿದ್ರಾ?”

“ಇಲ್ಲ ಅತ್ತಿಗೆ, ಒಂದು ಸಲವೂ ಇಲ್ಲ! ನನ್ನ ಕೈಯಿಂದ್ಲೇ ಚೆಂದ ಉಂಡ್ರು. ನೀವು ಆರಾಮಾಗಿರಿ.”

ಅಕ್ಕ ಬಂಡೆಯಿಂದ ಇಳಿಯಲಿಲ್ಲ. “ಹಾಗಾದ್ರೆ ಇಷ್ಟು ವರ್ಷ ಅವರ ಹತ್ರ ಇದ್ದದ್ದು ಯಾರು?” ಎಂದರು.

ಇಂಥವರನ್ನು ನೀವು ಕರೆದೊಯ್ಯುವುದಾದರೆ, ಮನೆಯಲ್ಲಿ ಕೂರುವವರಿಗೆ ಮೊದಲೇ ಹೇಳಿಕೊಡಿ: ಫೋನ್ ಬಂದರೆ “ಬೆಳಿಗ್ಗೆಯಿಂದ ನಿಮ್ಮನ್ನೇ ಕೇಳ್ತಿದ್ದಾರೆ” ಅನ್ನಬೇಕು. ಅದನ್ನು ಕೇಳಿ ನೀವು ಕರೆತಂದವರು ಆಗಲೇ ಮನೆಗೆ ಹೊರಟು ನಿಂತರೆ ತಡೆಯಬೇಡಿ.