ಕೈ ಸಪ್ಪಳ ಕೇಳುವ ಹೊನ್ನವ್ವ

ಇಂಡಿ ಪೇಟೆಯ ಹಿಂದಿನ ಓಣಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಪಟ ಪಟ ಪಟ. ಹೊನ್ನವ್ವ ಅವರಿಗೆ ಬೆನ್ನು ಮಾಡಿ ಹಂಚಿನ ಮುಂದೆ ನಿಂತಿದ್ದಾಳೆ. ಮುಖ ಒಲೆಯ ಕಡೆಗೆ, ಕಿವಿ ಮಾತ್ರ ಹಿಂದಕ್ಕೆ.

"ಏ ಅಫ್ರೋಜ, ಮದುವಿ ಮನ್ಯಾಗ ಹಲಗಿ ಬಡಿಯಾಕತ್ತಿ ಏನ? ಸಾವಕಾಶ ಬಡಿಯವಾ, ರೊಟ್ಟಿ ಹರಿತೈತಿ!"

ಶೆಡ್ಡು ನಗುತ್ತದೆ. "ತಿರುಗಿ ನೋಡ್ಲಾರದ ಹೆಂಗ ಹಿಡೀತಿ ಅಕ್ಕಾ?" ಎಂದು ಅಫ್ರೋಜ ಕೇಳಿದರೆ ಹೊನ್ನವ್ವನದು ಒಂದೇ ಉತ್ತರ: "ಒಬ್ಬೊಬ್ಬಾಕಿದು ಒಂದೊಂದು ಸಪ್ಪಳ ಇರ್ತೈತಿ. ನೋಡೂದ್ಯಾಕ?"

ಹೊನ್ನವ್ವ ಹಲಸಂಗಿಯ ಮಗಳು, ಇಂಡಿಯ ಸೊಸೆ. ಗಂಡ ತೀರಿಕೊಂಡ ಮೇಲೆ ಒಂದೇ ಹಂಚಿನಿಂದ ಶುರುವಾದ ಕೆಲಸವಿದು. ಈಗ ದಿನಕ್ಕೆ ಸಾವಿರದ ಹತ್ತಿರ ಖಡಕ್ ರೊಟ್ಟಿ ಆಗುತ್ತದೆ. ಶಮಶುದ್ದೀನನ ಮೂರು ಗಾಲಿಯ ಟಂಟಂನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಖಾನಾವಳಿಗಳನ್ನು ಮುಟ್ಟುತ್ತದೆ. ಝುಣಕದ ಜೊತೆ ಕಟುಂ ಕಟುಂ ಎಂದು ಕಡಿಯುವವರಿಗೆ ಇವಳ ಹೆಸರೂ ಗೊತ್ತಿಲ್ಲ.

ಕಳೆದ ಶ್ರಾವಣದ ಒಂದು ಮುಂಜಾನೆ ಆ ಸಪ್ಪಳದಲ್ಲಿ ಒಂದು ಕೈ ತಪ್ಪಿತು. ಹೊನ್ನವ್ವ ಗಕ್ಕನೆ ತಿರುಗಿದಳು. ಎಷ್ಟೋ ವರ್ಷಗಳಿಂದ ಪಕ್ಕದಲ್ಲೇ ಕೂತು ಬಡಿಯುತ್ತಿದ್ದ ಶೇವಂತೆವ್ವನ ರೊಟ್ಟಿ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ಹರಿದುಹೋಗಿದೆ. ಅವಳ ಬಲಗೈ ಹಿಟ್ಟಿನ ಮೇಲೆ ಬೀಳುತ್ತಿದೆಯೇ ಹೊರತು ರೊಟ್ಟಿಯನ್ನು ತಿರುಗಿಸುತ್ತಿಲ್ಲ. "ನಿದ್ದಿ ಆಗಿಲ್ಲಕ್ಕಾ" ಎಂದಳು ಶೇವಂತೆವ್ವ. ಮಾತು ತೊದಲುತ್ತಿತ್ತು. ಹೊನ್ನವ್ವ ಟಂಟಂ ತರಲು ಶಮಶುದ್ದೀನನನ್ನು ಕೂಗಿದಳು.

ಸುದ್ದಿ ಕೇಳಿ ಓಡಿಬಂದ ಶೇವಂತೆವ್ವನ ಗಂಡ ಮಾಳಿಂಗ ಬೇರೆಯದೇ ಹಟ ಹಿಡಿದ. "ಇದು ಲಕ್ವಾ. ಇದಕ್ಕ ದವಾಖಾನಿ ಔಷಧ ನಡಿಯಂಗಿಲ್ಲ, ಪಾರಿವಾಳದ ರಕ್ತ ತಿಕ್ಕಸ್ಬೇಕು!" ಅಯ್ಯೋ ಶಿವನೇ, ಈ ಕಾಲದಲ್ಲೂ ಪಾರಿವಾಳ! ಆದರೆ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದವರನ್ನು ಇಂಥ ಕಡೆಗೆ ಕರೆದೊಯ್ಯುವವರು ಇನ್ನೂ ಇದ್ದಾರೆ, ಅದೂ ಕೈಕಾಲು ಉಳಿಸಬಹುದಾದ ಮೊದಲ ತಾಸುಗಳಲ್ಲೇ.

"ಪಾರಿವಾಳ ಎಲ್ಲಿಗೂ ಓಡಿ ಹೋಗಂಗಿಲ್ಲೋ ಮಾಳಿಂಗ. ಮೊದಲ ಗಾಡಿ ಹತ್ತು!" ಎಂದು ಹೊನ್ನವ್ವ ಗದರಿದಳು. ಶಮಶುದ್ದೀನ ರೊಟ್ಟಿಯ ಬುಟ್ಟಿಗಳನ್ನು ಧಡಧಡ ಕೆಳಗಿಳಿಸಿದ. ಅದೇ ಜಾಗದಲ್ಲಿ ಶೇವಂತೆವ್ವನನ್ನು ಮಲಗಿಸಿಕೊಂಡು ಟಂಟಂ ಎಲ್ಲಿಯೂ ನಿಲ್ಲದೆ ವಿಜಯಪುರದ ಆಸ್ಪತ್ರೆ ಸೇರಿತು.

ಸ್ಕ್ಯಾನ್ ನೋಡಿದ ವೈದ್ಯೆ ವೃಂದಾ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಿಸಿ, ಆಮೇಲೆ ಬಿಡಿಸಿ ಹೇಳಿದರು. "ದೊಡ್ಡ ರಕ್ತನಾಳ ಎಲ್ಲಾ ಛೊಲೋ ಅವ. ಮಿದುಳಿನ ಆಳದಾಗ ಹೊಲಿಯೋ ದಾರದಷ್ಟು ಸಣ್ಣ ನಾಳ ಒಂದು ಮುಚ್ಚೇದ. ಅದನ್ನ ನಂಬಿಕೊಂಡ ಜೀವಕೋಶ ರಕ್ತ ಸಿಗದ ನಿಮಿಷದೊಳಗ ಸಾಯಲಿಕ್ಕೆ ಸುರು ಆಗ್ತಾವ. ಸುತ್ತಲಿನವು ಇನ್ನಷ್ಟು ಹೊತ್ತು ಜೀವ ಹಿಡಕೊಂಡಿರ್ತಾವ. ಅವು ಸಾಯೂದ್ರೊಳಗ ನೀವು ಬಂದ್ರಿ."

ಬಿ.ಪಿ. ಗುಳಿಗೆಯ ಮಾತು ಬಂದಾಗ ಮಾಳಿಂಗ ತಲೆ ತಗ್ಗಿಸಿದ. ಶ್ರಾವಣ ಪೂರ್ತಿ ಶೇವಂತೆವ್ವನದು ಒಪ್ಪತ್ತು, ಊಟ ಸಂಜೆಗೆ ಮಾತ್ರ. ಖಾಲಿ ಹೊಟ್ಟೆಯಲ್ಲಿ ಗುಳಿಗೆ ಹೇಗೆ ನುಂಗುವುದೆಂದು ಬಿಟ್ಟೇಬಿಟ್ಟಿದ್ದಳು. ದೇವರಿಗೆಂದು ಹಿಡಿದ ವ್ರತ ಇಲ್ಲಿಗೆ ತಂದು ನಿಲ್ಲಿಸುತ್ತದೆಂದು ಯಾರು ಕಂಡಿದ್ದರು?

ನಿಜವಾದ ಆಘಾತ ಇನ್ನೂ ಬಾಕಿ ಇತ್ತು. ಔಷಧಿ ಚೀಟಿ ಹಿಡಿದು ಹೊರಟ ಹೊನ್ನವ್ವನನ್ನು ವೃಂದಾ ಹಿಂದಕ್ಕೆ ಕರೆದರು. "ಅಮ್ಮಾ, ನಿಮ್ಮ ಎಡಗಾಲಿನ ಚಪ್ಪಲಿ ಯಾಕ ಸರ್ ಸರ್ ಅಂತದ?"

"ಸವದೈತ್ರಿ. ಬಲಗಾಲಿಂದು ಹೊಸದರಂಗ ಇರ್ತೈತಿ, ಎಡಗಾಲಿಂದು ಲಗೂನ ಸವೀತೈತಿ. ಈಗ ಚಪ್ಪಲಿ ಮಾಲು ಚಲೋ ಬರಾಕತ್ತಿಲ್ಲ."

ವೈದ್ಯೆ ನಗಲಿಲ್ಲ; ಚಪ್ಪಲಿ ಸವೆಸುತ್ತಿದ್ದದ್ದು ನೆಲಕ್ಕೆ ಎಳೆಯುತ್ತಿದ್ದ ಎಡಗಾಲು. ಹೊನ್ನವ್ವನ ಬಿ.ಪಿ. ನೋಡಿದರೆ ಇನ್ನೂರು ದಾಟಿದೆ! ಸ್ಕ್ಯಾನ್ ಮಾಡಿಸಿದರೆ ಮಿದುಳಿನಲ್ಲಿ ಎಳ್ಳು ಉದುರಿದಂತೆ ಚುಕ್ಕಿಗಳು. ಒಂದೊಂದೂ ಎಂದೋ ಮುಚ್ಚಿದ ಸಣ್ಣ ನಾಳದ ಗುರುತು, ಅಲ್ಲಿನ ಜೀವಕೋಶಗಳು ಸತ್ತು ವರ್ಷಗಳಾಗಿವೆ. ನೋವಿಲ್ಲ, ಚೀರಾಟವಿಲ್ಲ. ಊರ ಕೈಗಳ ಸಪ್ಪಳ ಹಿಡಿಯುವವಳಿಗೆ ತನ್ನ ಕಾಲ ಕೆಳಗಿನದು ಕೇಳಿಸಿರಲಿಲ್ಲ. ಹೊನ್ನವ್ವ ತನ್ನೆರಡು ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ತಲಿ ಸುದ್ದಾ ನೋಯ್ತಿದ್ದಿಲ್ರಿ ನಂದು. ಈ ಕೈ ಹೋದ್ರ ನನ್ನ ಹತ್ರ ಏನು ಉಳಿತೈತ್ರಿ?"

ಶೇವಂತೆವ್ವ ಈಗ ಶೆಡ್ಡಿಗೆ ಮರಳಿದ್ದಾಳೆ. ರೊಟ್ಟಿ ಬಡಿಯಲು ಬಲಗೈ ಇನ್ನೂ ಸಾಲದು, ಹಿಟ್ಟು ಜರಡಿ ಹಿಡಿಯುತ್ತಾಳೆ. ಮುಂಜಾನೆ ಹಂಚು ಕಾಯುವುದರೊಳಗೆ ಎಲ್ಲರೂ ಎರಡೆರಡು ತುತ್ತು ತಿಂದು, ಗುಳಿಗೆ ಇದ್ದವರು ಗುಳಿಗೆ ನುಂಗಬೇಕು. ಒಪ್ಪತ್ತು ಇದ್ದವರಿಗೂ ಬಿಡುಗಡೆಯಿಲ್ಲ. "ದೇವರ ಜೋಡಿ ನಾ ಮಾತಾಡ್ತೇನಿ, ನೀ ಮೊದಲ ನುಂಗು" ಎನ್ನುತ್ತಾಳೆ ಹೊನ್ನವ್ವ. ಸತ್ತ ಕೋಶಗಳು ಮರಳಿ ಬರುವುದಿಲ್ಲವೆಂದು ವೈದ್ಯೆ ಹೇಳಿದ್ದನ್ನು ಅವಳು ಮರೆತಿಲ್ಲ.

ಆಸೆ ಏನೆಂದು ಕೇಳಿದರೆ ದೊಡ್ಡದೇನೂ ಇಲ್ಲ. "ನಿನ್ನಿನಂಗ ಇವತ್ತೂ ಇದ್ರ ಸಾಕ್ರಿ."

ಅದಕ್ಕೇ ಈಗ ಶೆಡ್ಡಿನಲ್ಲಿ ಹೊಸದೊಂದು ರೂಢಿಯಿದೆ. ಓಣಿಯ ತಿರುವಿನಲ್ಲಿ ಹೊನ್ನವ್ವನ ಹೆಜ್ಜೆ ಕೇಳಿದ್ದೇ ತಡ, ಅಷ್ಟೂ ಕೈಗಳು ಹಿಟ್ಟಿನ ಮೇಲೆ ನಿಲ್ಲುತ್ತವೆ. ಎಡಗಾಲಿನ ಎಳೆತ ನಿನ್ನೆಗಿಂತ ಹೆಚ್ಚಾಗಿದೆಯೇ ಎಂದು ಎಲ್ಲರೂ ಕಿವಿಗೊಡುತ್ತಾರೆ. ಬಲಗಾಲು ಟಪ್, ಎಡಗಾಲು ಸರ್. ಹೊನ್ನವ್ವ ಬಾಗಿಲಲ್ಲೇ ನಿಂತು ಕಾಯುತ್ತಾಳೆ.

"ನಿನ್ನಿನಂಗ ಐತಿ, ಬಾ ಅಕ್ಕಾ!" ಎಂದು ಅಫ್ರೋಜ ಕೂಗುತ್ತಾಳೆ. ಆಮೇಲೆಯೇ ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಗುತ್ತದೆ.