ಕಾಲು ಭಾಗ ಬೆಳಕು

ಲಲಿತಾ ಅವರ ಕ್ಯಾಮೆರಾದ ಬಗ್ಗೆ ನಾನು ಸುಳ್ಳು ಹೇಳಿದ್ದೆ. ಬರೀ ಬಾಯಲ್ಲಿ ಹೇಳಿದ್ದರೆ ಯಾರಾದರೂ ಅನುಮಾನಪಡುತ್ತಿದ್ದರೇನೋ — ನಾನು ಅದನ್ನು ಪರದೆಯ ಮೇಲೆ, ಎಲ್ಲರ ಕಣ್ಣಿಗೆ ಕಾಣುವಂತೆ ತೋರಿಸಿ ಹೇಳಿದೆ. ಏಳು ವರ್ಷ ಆ ಸುಳ್ಳು ನಿಜವಾಗಿಯೇ ಉಳಿಯಿತು.

ತುಮಕೂರಿನಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಭಾನುವಾರ ಸೇರುತ್ತಿದ್ದ ನಮ್ಮ ಫೋಟೊ ಬಳಗದಲ್ಲಿ ಆಗ ಫುಲ್ ಫ್ರೇಮ್ ಕ್ಯಾಮೆರಾ ಇದ್ದದ್ದು ನನ್ನೊಬ್ಬನ ಹತ್ತಿರ. ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, ದೊಡ್ಡದು. ಉಳಿದವರದೆಲ್ಲ ಕ್ರಾಪ್ ಸೆನ್ಸರ್, ಅಳತೆಯಲ್ಲಿ ಚಿಕ್ಕದು. ಬೆಳಕು ಕಡಿಮೆ ಇರುವ ಕಡೆ ಸೆನ್ಸರಿನ ಸೂಕ್ಷ್ಮತೆ, ಅಂದರೆ ಐಎಸ್‌ಒ ಏರಿಸಿದರೆ ಯಾವ ಕ್ಯಾಮೆರಾದ ಚಿತ್ರದಲ್ಲೂ ಮರಳು ಉದುರಿಸಿದ ಹಾಗೆ ಚುಕ್ಕೆಗಳೇಳುತ್ತವೆ. ಅದಕ್ಕೆ ನಾಯ್ಸ್ ಅನ್ನುತ್ತೇವೆ. ಚಿಕ್ಕ ಸೆನ್ಸರಿನಲ್ಲಿ ಅದು ಸ್ವಲ್ಪ ಹೆಚ್ಚು. ಸ್ವಲ್ಪ — ಆ ಒಂದು ಪದವನ್ನೇ ನಾನು ನುಂಗಿದ್ದು.

ಲಲಿತಾ ಗುಬ್ಬಿಯವರು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವ ಕೆಲಸ ಅವರದು. ತಾಯಿ ಗಂಗಮ್ಮ ತೆಂಗಿನ ನಾರು ಹೊಸೆದು ಹಗ್ಗ ಮಾಡುವ ಶೆಡ್ಡಿನಲ್ಲಿ ದುಡಿಯುತ್ತಿದ್ದರು. ತಗಡಿನ ಮಾಡು, ಒಂದೇ ಬಾಗಿಲು, ಹಾರುವ ಧೂಳು, ನಡು ಮಧ್ಯಾಹ್ನವೂ ಮಬ್ಬು. ಲಲಿತಾ ಅಲ್ಲಿ ಫ್ಲ್ಯಾಶ್ ಹಾಕದೆ, ಐಎಸ್‌ಒ ಏರಿಸಿ, ಆ ಹೆಂಗಸರ ಕೈಗಳ ಚಿತ್ರ ತೆಗೆದು ತಂದರು.

ನಮ್ಮ ಬಳಗದ ಪ್ರದರ್ಶನಕ್ಕೆ ಚಿತ್ರ ಆರಿಸುವ ದಿನ ಅದು. ಎದುರು ಗೋಡೆ ಪೂರ್ತಿ ಒಬ್ಬರಿಗೇ ಬಿಟ್ಟುಕೊಡುವುದು, ಅಲ್ಲಿ ಆಳೆತ್ತರದ ಚಿತ್ರ ಹಾಕುವುದು ಎಂದು ಮಾತಾಗಿತ್ತು. ಆ ಗೋಡೆ ನನ್ನದೇ ಎಂದುಕೊಂಡಿದ್ದೆ. ಆದರೆ ಜನ ನನ್ನ ಚಿತ್ರಗಳನ್ನು ಬಿಟ್ಟು ಅವರ ಮೇಜಿನ ಸುತ್ತ ನಿಂತರು. ಬಳಗದ ಹಿರಿಯರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು ರಂಗಪ್ಪನವರು, ನನ್ನ ಭುಜ ತಟ್ಟಿ ಅಂದರು: "ಏನ್ಲಾ ಪ್ರಸಾದ, ಈವಮ್ಮ ನಮ್ಮೆಲ್ರುನ್ನೂ ಮೀರಿಸ್ಬುಟ್ಟವ್ಳೆ ಕಣೋ."

ನಾನೂ ನಕ್ಕೆ. ಒಳಗೆ ಏನು ಉರಿಯಿತೋ — ಹೊಟ್ಟೆಕಿಚ್ಚು ಅನ್ನುವುದಕ್ಕೆ ಈಗ ನಾಚಿಕೆಯಿಲ್ಲ.

"ಚಿತ್ರ ಚೆನ್ನಾಗಿದೆ. ಆದರೆ ಕ್ರಾಪ್ ಸೆನ್ಸರು, ಅಷ್ಟು ದೊಡ್ಡದು ಮಾಡಿದರೆ ಕೆಟ್ಟುಹೋಗುತ್ತೆ. ಬೇಕಾದರೆ ತೋರಿಸ್ತೀನಿ" ಎಂದೆ.

ಪಕ್ಕದ ಕೋಣೆಯಲ್ಲಿ ಕಿಟಕಿ ಮುಚ್ಚಿ ಎರಡೂ ಕ್ಯಾಮೆರಾ ನಿಲ್ಲಿಸಿದೆ. ಎರಡರಲ್ಲೂ ಐಎಸ್‌ಒ ಒಂದೇ, ಅದನ್ನು ಎಲ್ಲರಿಗೂ ತೋರಿಸಿದೆ. ತೋರಿಸದೆ ಬಿಟ್ಟದ್ದು ಶಟರ್ ವೇಗ, ಬೆಳಕು ಎಷ್ಟು ಹೊತ್ತು ಒಳಗೆ ಬೀಳಬೇಕೆಂಬ ಲೆಕ್ಕ. ನನ್ನ ಕ್ಯಾಮೆರಾಕ್ಕೆ ಬೇಕಾದಷ್ಟು ಬೆಳಕು ಬಿಟ್ಟೆ. ಅವರದಕ್ಕೆ ಅದರ ಕಾಲು ಭಾಗ. ಆಮೇಲೆ ಕಂಪ್ಯೂಟರಿನಲ್ಲಿ ಅವರ ಕಪ್ಪಾದ ಚಿತ್ರವನ್ನು ಎಳೆದು ಬೆಳಗಿಸಿದೆ. ಚುಕ್ಕೆಗಳು ದದ್ದಿನ ಹಾಗೆ ಎದ್ದವು.

ಲಲಿತಾ ಕೇಳಿದರು, "ಹಂಗಾದ್ರೆ ನನ್ ಚಿತ್ರ ದೊಡ್ಡದಾಗಿ ಹಾಕೋಕೇ ಆಗಲ್ವಾ ಸರ್?"

"ಆಗಲ್ಲಮ್ಮ" ಎಂದೆ.

ಗೋಡೆ ನನಗೆ ಸಿಕ್ಕಿತು. ಅವರು ಬಳಗಕ್ಕೆ ಬರುವುದನ್ನು ಬಿಟ್ಟರು. ಕ್ಯಾಮೆರಾ ಬೀರು ಸೇರಿತಂತೆ — ಅದು ಯಾರೋ ಹೇಳಿ ನನ್ನ ಕಿವಿಗೆ ಬಿದ್ದಿತ್ತು. ಬಿದ್ದರೂ ನಾನು...

ಹೋದ ವರ್ಷ ಹಿರೇಹಳ್ಳಿಯ ಕಾರ್ಖಾನೆಯೊಂದು ತನ್ನ ಕೆಲಸಗಾರರ ಚಿತ್ರ ತೆಗೆಯಲು ಕರೆಯಿತು. ನನ್ನ ಕ್ಯಾಮೆರಾ ರಿಪೇರಿಗೆ ಹೋಗಿತ್ತು. ಗೆಳೆಯನೊಬ್ಬನ ಕ್ರಾಪ್ ಸೆನ್ಸರಿನದನ್ನೇ ಒಯ್ದು, ಮಬ್ಬು ಬೆಳಕಿನಲ್ಲಿ ಐಎಸ್‌ಒ ಏರಿಸಿ ತೆಗೆದೆ. ದೊಡ್ಡ ಪ್ರಿಂಟುಗಳನ್ನು ಕೊಡಲು ಹೋದಾಗ ಹೆಂಗಸೊಬ್ಬರು ಬಂದು ಅವುಗಳ ಮುಂದೆ ನಿಂತರು. ಲಲಿತಾ. ಕೂದಲು ಅಲ್ಲಲ್ಲಿ ನೆರೆತಿತ್ತು.

"ಎಷ್ಟ್ ಕ್ಲೀನಾಗಿ ಬಂದೈತೆ ಸರ್! ನಿಮ್ದು ದೊಡ್ ಕ್ಯಾಮೆರಾ ಅಲ್ವಾ, ಅದಕ್ಕೇ" ಎಂದರು.

ಹೌದು ಎನ್ನಬಹುದಿತ್ತು. ಅಷ್ಟೇ ಸಾಕಿತ್ತು. ಆದರೆ ಆ ಮುಖದಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ — ನನ್ನ ಸುಳ್ಳನ್ನು ಅವರು ಪಾಠದ ಹಾಗೆ ಕಲಿತುಬಿಟ್ಟಿದ್ದರು. "ಇದು ನಿಮ್ಮಂಥದ್ದೇ ಕ್ಯಾಮೆರಾ ಕಣಮ್ಮ" ಎಂದು ಶುರುಮಾಡಿದವನು, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಶಟರು, ಕಾಲು ಭಾಗ ಬೆಳಕು, ಹೊಟ್ಟೆಕಿಚ್ಚು, ಎಲ್ಲ.

ಅವರು ಮತ್ತೆ ಆ ಪ್ರಿಂಟುಗಳ ಕಡೆ ತಿರುಗಿದರು. ಕಣ್ಣು ಕೆಂಪಾಯಿತು.

"ಏಳ್ ವರ್ಷ ಸರ್. ಆ ಶೆಡ್ಡೇ ಈಗಿಲ್ಲ. ಮಿಷನ್ ಬಂದು ಮುಚ್ಚೋಯ್ತು. ಇನ್ನೂ ಎಷ್ಟೊಂದು ತೆಗೀಬೇಕು ಅನ್ಕೊಂಡಿದ್ದೆ..." ಆಮೇಲೆ ಗಟ್ಟಿ ದನಿಯಲ್ಲಿ: "ಸಾರಿ ಗೀರಿ ಬೇಡ. ಆವತ್ತು ಇದ್ದೋರ್ ಮುಂದೆ ಇದನ್ನೇ ಹೇಳ್ತೀರಾ?"

ಮುಂದಿನ ಭಾನುವಾರ ಹೇಳಿದೆ. ರಂಗಪ್ಪ ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಆಮೇಲೆ ಲಲಿತಾ ಎದ್ದು, ಬೀರುವಿನಿಂದ ತಂದ ಕ್ಯಾಮೆರಾವನ್ನು, ರಿಪೇರಿಯಿಂದ ಬಂದಿದ್ದ ನನ್ನದರ ಪಕ್ಕ ನಿಲ್ಲಿಸಿದರು. ಕಾರ್ಖಾನೆಯಲ್ಲಿ ಅಳೆಯುವ ಕೈ ಅದು — ಐಎಸ್‌ಒ, ಶಟರ್, ಬೆಳಕು, ಪ್ರಿಂಟಿನ ಅಳತೆ, ಒಂದೊಂದನ್ನೂ ಎರಡೆರಡು ಸಲ ನೋಡಿ, ಗಟ್ಟಿಯಾಗಿ ಓದಿ ಹೇಳಿದರು. ಪ್ರಿಂಟ್ ತೆಗೆದ ಚಿತ್ರಗಳನ್ನು ಹೆಸರಿಲ್ಲದೆ ಅಕ್ಕಪಕ್ಕ ಅಂಟಿಸಿ ತಾವೇ ಮೊದಲು ಬಗ್ಗಿ ನೋಡಿದರು.

"ಹತ್ರದಿಂದ ನೋಡಿದ್ರೆ ಸರ್‌ದು ಸ್ವಲ್ಪ ನುಣುಪು. ಒಪ್ತೀನಿ. ಈಗ ಎಲ್ರೂ ಎರಡ್ ಹೆಜ್ಜೆ ಹಿಂದಕ್ ಬನ್ನಿ."

ಬಂದೆವು. ಯಾವುದು ಯಾರದೆಂದು ಒಬ್ಬರಿಗೂ ಹೇಳಲಾಗಲಿಲ್ಲ. ನನಗೂ! ಕೋಣೆಯ ತುಂಬ ಚಪ್ಪಾಳೆ. ಸೋತವನು ನಾನು — ಆದರೂ ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ನನ್ನ ಕೈ. ಏಳು ವರ್ಷದಲ್ಲಿ ಅಷ್ಟು ಹಗುರಾಗಿ ಉಸಿರಾಡಿದ ನೆನಪು ನನಗಿಲ್ಲ.

ಎರಡು ತಿಂಗಳಿಗೆ ಪ್ರದರ್ಶನ. ಗೋಡೆ ಪೂರ್ತಿ ಲಲಿತಾ ಅವರದು. ಆ ಹಳೆಯ ಚಿತ್ರಗಳನ್ನೇ ಆಳೆತ್ತರಕ್ಕೆ ಮಾಡಿಸಿದ್ದರು. ನಾರಿನ ಎಳೆ ಎಳೆಯೂ ಕಾಣುತ್ತಿತ್ತು. ಚುಕ್ಕೆಗಳೂ ಇದ್ದವು, ಶೆಡ್ಡಿನ ಧೂಳಿನೊಳಗೆ ಬೆರೆತು. ಗುಬ್ಬಿಯಿಂದ ಒಂದು ವ್ಯಾನಿನ ತುಂಬ ಹೆಂಗಸರು ಬಂದಿಳಿದರು. ಗಂಗಮ್ಮ ಚಿತ್ರದ ಮುಂದೆ ನಿಂತು ತಮ್ಮ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಇದು ನನ್ ಕೈಯೇನವ್ವಾ? ಇಷ್ಟ್ ದೊಡ್ದಾ?"

"ನಿಂದೇ ಕಣವ್ವಾ" ಎಂದು ಮಗಳು ನಕ್ಕರು. ಆ ಹೆಂಗಸರೆಲ್ಲ ತಮ್ಮ ತಮ್ಮ ಕೈ ಹುಡುಕುತ್ತ ಗೋಡೆಯುದ್ದಕ್ಕೂ ಗದ್ದಲವೆಬ್ಬಿಸಿದರು. ಅಂಥ ಪ್ರದರ್ಶನ ನಮ್ಮ ಊರು ಕಂಡಿರಲಿಲ್ಲ.

ಆದರೆ ಮುಚ್ಚಿದ ಶೆಡ್ಡು ತೆರೆಯಲಿಲ್ಲ. ಅಲ್ಲಿ ತೆಗೆಯದೇ ಉಳಿದ ಚಿತ್ರಗಳನ್ನು ಯಾರೂ ಇನ್ನು ತೆಗೆಯಲಾರರು. ಆ ನಷ್ಟ ನನ್ನಿಂದಾದದ್ದು — ಅದಕ್ಕೆ ನನ್ನಲ್ಲಿ ಸಬೂಬಿಲ್ಲ.

ಬಳಗದಲ್ಲಿ ಹೊಸಬರಿಗೆ ಈಗ ಪಾಠ ಹೇಳುವವರು ಲಲಿತಾ. ನಾನು ಕೇಳುವವರ ಸಾಲಿನಲ್ಲಿ ಕೂರುತ್ತೇನೆ. ಮೊನ್ನೆ ಹೊಸದಾಗಿ ಸೇರಿದವರೊಬ್ಬರು ನನ್ನ ಕಡೆ ನೋಡಿ, ಇವರು ಯಾರು ಮೇಡಂ ಎಂದು ಕೇಳಿದರು. ಲಲಿತಾ ಒಂದು ಕ್ಷಣ ಯೋಚಿಸಿದರು.

"ನಂಗೆ ಸುಳ್ ಹೇಳಿದೋರು. ಆಮೇಲೆ ನಿಜಾನೂ ಇವ್ರೇ ಹೇಳಿದ್ರು" ಎಂದರು. "ಎರಡನ್ನೂ ಬರ್ಕೊಳಿ."